ಟ್ರಾಮ್ ಶೆಡ್ಡಿನ ಕಲ್ಲಿಗೆ ಅಕ್ಷರ ಕೊಟ್ಟವರು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ತಗಡಿನ ಚಾವಣಿಯ ಕೆಳಗೆ ಕಪ್ಪು ಕಲ್ಲಿನ ಹಲಗೆಯೊಂದು ಮಲಗಿದೆ. ಅದರ ಮೇಲೆ ಬಗ್ಗಿ ಕೂತವರನ್ನು ಬೀದಿಯವರು ಉಳಿಯಣ್ಣ ಅನ್ನುತ್ತಾರೆ. ಹಳೆಯ ಸೇತುವೆ, ದೋಣಿಕಟ್ಟೆ, ಮುಚ್ಚಿಹೋದ ರೈಲು ನಿಲ್ದಾಣ, ಈ ಊರಿನಲ್ಲಿ ಎಲ್ಲೆಲ್ಲಿ 'ಪಾರಂಪರಿಕ ತಾಣ' ಎಂಬ ಫಲಕವಿದೆಯೋ ಅದೆಲ್ಲ ಅವರ ಕೈಯದು. ಫಲಕದ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವ ನಮಗೆ ಅದು ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳುವ ದರ್ದೂ ಇಲ್ಲ.

ಇವತ್ತು ಅವರ ಕೈಯಲ್ಲಿ ಉಳಿ ಇಲ್ಲ. ಕಲ್ಲುಪುಡಿಗೆ ಅಂಟು ಕಲಸಿದ ಬಟ್ಟಲಿದೆ. ತಾವೇ ಕೆತ್ತಿದ ಸಾಲೊಂದನ್ನು ತಾವೇ ಮುಚ್ಚುತ್ತಿದ್ದಾರೆ.

ಈ ಫಲಕ ಹಳೆಯ ಟ್ರಾಮ್ ಶೆಡ್ಡಿನದು. ಇವರ ಅಣ್ಣ ಅಲ್ಲಿ ಗಾಡಿಗೆ ಗಾಡಿ ಜೋಡಿಸುವ ಕೆಲಸದಲ್ಲಿದ್ದರು. ಒಂದು ಬೆಳಿಗ್ಗೆ ಎರಡು ಗಾಡಿಗಳ ನಡುವೆ ಸಿಕ್ಕಿ ಸತ್ತರು. ಅಪ್ಪನಿಲ್ಲದ ಮನೆಗೆ ಅನ್ನ ಹಾಕುತ್ತಿದ್ದವರು ಅವರೇ. ಆಮೇಲೆ ಉಳಿಯಣ್ಣ ಶಾಲೆ ಬಿಟ್ಟು ಕಲ್ಲಿನ ಅಂಗಡಿ ಸೇರಿದರು. ಈಗ ಬೆರಳ ಗಂಟುಗಳು ಮಡಚುವುದಿಲ್ಲ, ಎದೆ ತುಂಬ ಕಲ್ಲಿನ ದೂಳು.

ಫಲಕ ಹಾಕಿಸುವ ಕಚೇರಿಯವರು ಕಳಿಸಿದ ಬರಹದ ಕೊನೆಯಲ್ಲಿ 'ಇಲ್ಲಿ ದುಡಿಯುತ್ತ ಪ್ರಾಣ ಬಿಟ್ಟವರ ನೆನಪಿಗೆ' ಎಂದಿತ್ತು. ಕಲ್ಲಿನ ಮೇಲೆ ಮೊದಲು ಸೀಸದಕಡ್ಡಿಯಲ್ಲಿ ಬರೆದುಕೊಂಡ ಅಕ್ಷರ ಮೊಣಕೈ ಊರಿದಲ್ಲಿ ಅಳಿಸಿಹೋಗುತ್ತದೆಂದು ಉಳಿಯಣ್ಣ ಯಾವತ್ತೂ ಕೆಳಗಿನ ಸಾಲಿನಿಂದ ಮೇಲಕ್ಕೆ ಕೆತ್ತುತ್ತಾರೆ. ಹಾಗಾಗಿ ಆ ಸಾಲೇ ಮೊದಲು ಕಲ್ಲಿಗಿಳಿಯಿತು. ಆಮೇಲೆ ಅಧಿಕಾರಿ ಓಡಿಬಂದರು.

“ಕೊನೇ ಸಾಲು ಬೇಡವಂತೆ ಕಣ್ರೀ. ಉದ್ಘಾಟನೆ ದಿನ ಸಾವಿನ ಮಾತ್ಯಾಕೆ ಅಂತಾರೆ ಮೇಲಿನೋರು.”

“ಕೆತ್ತಿಬಿಟ್ಟಿದ್ದೀನಲ್ಲ ಸ್ವಾಮಿ.”

“ಊರೆಲ್ಲ ಮೇಲಿಂದ ಕೆಳಕ್ಕೆ ಬರೀತಾರೆ, ನೀವೊಬ್ರು ಉಲ್ಟಾ! ಮುಚ್ಚಿಬಿಡಿ. ಇಲ್ಲಾಂದ್ರೆ ಬೇರೆಯೋರಿಗೆ ಕೊಡ್ತೀವಿ.”

ಶೆಡ್ಡು ಬೇಕು, ಶೆಡ್ಡಿನ ಚೆಂದ ಬೇಕು, ಅಲ್ಲಿ ಸತ್ತವರು ಮಾತ್ರ ಬೇಡ. ಇದಕ್ಕೆ ಪರಂಪರೆ ಅಂತ ಹೆಸರು ಬೇರೆ!

ಯಾಕೆ ಒಪ್ಪಿದಿರಿ ಎಂದು ನಾನು ಸಿಟ್ಟಿನಿಂದಲೇ ಕೇಳುತ್ತೇನೆ. “ಬೇರೆಯೋರು ಹೊಸ ಕಲ್ಲು ತರ್ತಾರೆ ಸಾರ್. ಅದ್ರಲ್ಲಿ ಅಣ್ಣನ ಸಾಲು ಇರೋದೇ ಇಲ್ಲ. ಇದ್ರಲ್ಲಿ ಒಳಗಾದ್ರೂ ಇರುತ್ತೆ.”

ಕಲ್ಲು ಉಜ್ಜಿ ನಯ ಮಾಡುವ ಹೆಂಡತಿ ಸುಮ್ಮನಿರುವವರಲ್ಲ. “ಅರೆಬರೆ ತುಂಬ್ರಿ ಅಂತ ಬಡ್ಕೊಂಡೆ. ಒಂದ್ ಮಳೆಗೆ ಉದುರಿಹೋಗ್ಲಿ, ಭಾವನೋರ ಸಾಲು ಎದ್ದು ಬರ್ಲಿ ಅಂತ. ಈ ಮನುಷ್ಯ ಕೇಳಿದ್ರೆ ತಾನೆ? ಕಲ್ಲಾದ್ರೂ ಏಟು ತಿಂದ್ರೆ ದಾರಿಗೆ ಬರುತ್ತೆ.”

“ನಾನೂ ಹಾಗಂದ್ಕೊಂಡೇ ಕೂತೆ ಕಣೇ,” ಗಂಡ ತಲೆ ಎತ್ತುವುದಿಲ್ಲ. “ಮೊದಲ್ನೇ ಅಕ್ಷರ ಸಡಿಲಾಗೇ ತುಂಬ್ದೆ. ನೋಡೋಕಾಗ್ಲಿಲ್ಲ. ಕೆರೆದು ತೆಗೆದು ಮತ್ತೆ ಗಟ್ಟಿಯಾಗಿ ತುಂಬ್ದೆ.”

ಹೆಂಡತಿ ಸೆರಗಿನಿಂದ ಮೂಗೊರೆಸಿಕೊಂಡು ಒಳಗೆ ಹೋಗುತ್ತಾರೆ.

ಬಿಸಿಲು ಕಲ್ಲಿನ ಮೇಲೆ ಬೀಳುತ್ತದೆ. ಬಗ್ಗಿ ನೋಡುತ್ತೇನೆ, ಬೆರಳಾಡಿಸುತ್ತೇನೆ. ಸಾಲು ಎಲ್ಲಿತ್ತೆಂಬುದೇ ತಿಳಿಯುವುದಿಲ್ಲ.

“ಹುಡುಕ್ಬೇಡಿ ಸಾರ್, ಸಿಗಲ್ಲ,” ಬಟ್ಟಲು ತೊಳೆಯುತ್ತ ಆಚೆ ಮುಖ ಮಾಡಿಯೇ ಉಳಿಯಣ್ಣ ಹೇಳುತ್ತಾರೆ. “ನನ್ನ ಕೈಯಲ್ಲಿ ಕೆಟ್ಟ ಕೆಲಸ ಆಗಲ್ಲ.”