ಅತ್ತೆಯ ಪಿತ್ತಕೋಶ ಮತ್ತು ಬೆಳ್ಳಿಯ ಕರಡಿಗೆ

ಮದುವೆಯಾಗಿ ಮೂಡಲಗಿಗೆ ಬಂದಾಗಿನಿಂದ ನಮ್ಮ ಅತ್ತೆ ಸುಮ್ಮನೆ ಕೂತದ್ದನ್ನು ನಾನು ನೋಡಿಯೇ ಇಲ್ಲ. ಅನ್ನ ಮೆತ್ತಗಾದರೆ ಒಂದು ಮಾತು, ಗಟ್ಟಿಯಾದರೆ ನಾಲ್ಕು. ನಾನೂ ಬಾಯಿ ಮುಚ್ಚಿಕೊಂಡಿರುವವಳಲ್ಲ. ನಮ್ಮ ಜಗಳ ಕೇಳಿಸದ ದಿನ ಪಕ್ಕದ ಮನೆಯ ಕಾಕು ಬಾಗಿಲಿಗೆ ಬಂದು, "ಯಾಕ್ರಿ, ಆರಾಮ ಅದೀರಿಲ್ಲೊ?" ಎಂದು ವಿಚಾರಿಸುತ್ತಾಳೆ. ಹಾಗಾಗಿ ಅವತ್ತು ಬೆಳಿಗ್ಗೆ ನಾನು ಕೊಟ್ಟ ಚಹಾಕ್ಕೆ ಏನೊಂದೂ ಕೊಂಕು ತೆಗೆಯದೆ ಅತ್ತೆ ಕಪ್ಪು ಪಕ್ಕಕ್ಕೆ ಸರಿಸಿ ಮಲಗಿದಾಗ ನಾನು ಒಲೆ ಆರಿಸಿ ಅವರ ಪಕ್ಕ ಬಂದು ಕೂತೆ.

ಹಿಂದಿನ ದಿನ ಕಲ್ಲೋಳಿಯಲ್ಲಿ ಸಂಬಂಧಿಕರ ಮನೆಯಲ್ಲಿ ಬಸುರಿಗೆ ಮಾಡುವ ಕುಬಸದ ಊಟವಿತ್ತು. ಅತ್ತೆ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುವುದನ್ನು ನೋಡಬೇಕು. ಬಡಿಸುವವರು ಬಗ್ಗಿದೊಡನೆ "ಸಾಕು, ಸಾಕು" ಎಂದು ಕೈ ಅಡ್ಡ ಹಿಡಿಯುತ್ತಾರೆ, ಆದರೆ ಬೆರಳುಗಳನ್ನು ಅಗಲವಾಗಿ ಬಿಡಿಸಿ. ಆ ಊಟದ ಮೇಲೆ ಬಲಪಕ್ಕೆಯ ಕೆಳಗೆ ಶುರುವಾದ ನೋವು ಬಲಭುಜದವರೆಗೂ ಏರಿತ್ತು. ವಾಂತಿಯೂ ಆಯಿತು.

ನಮ್ಮಲ್ಲಿ ಹೊಟ್ಟೆನೋವಿಗೆ ಡಾಕ್ಟರ ಸರದಿ ಬರುವುದು ಕೊನೆಗೆ. ಕಾಕು "ಬಟ್ಟಿ ಸರದೈತಿ" ಎಂದಳು. ಹೊಕ್ಕಳಿನ ನಾಡಿ ಜಾಗ ತಪ್ಪಿದೆ ಎಂದು ಇದರರ್ಥ. ಎಣ್ಣೆ ಹಚ್ಚಿ ಹೊಟ್ಟೆ ತಿಕ್ಕಿಯೂ ತಿಕ್ಕಿದಳು. ಹುಕ್ಕೇರಿಯ ನಾದಿನಿ ವಿಡಿಯೋ ಕಾಲ್‌ನಲ್ಲೇ ನನ್ನ ಕೈಯಿಂದ ದೃಷ್ಟಿ ತೆಗೆಸಿದಳು. ನನ್ನ ಗಂಡ ಭುಜದ ನೋವನ್ನು ಬಸ್ಸಿನ ಕಿಟಕಿಯ ಗಾಳಿಯ ತಲೆಗೆ ಕಟ್ಟಿದರು. ಮಧ್ಯಾಹ್ನ ಮೈ ಮುಟ್ಟಿ ನೋಡಿದರೆ ಜ್ವರ ಸುಡುತ್ತಿತ್ತು. ನನಗೆ ರೇಗಿಹೋಯಿತು.

"ಎಲ್ಲಾರೂ ಡಾಕ್ಟರ್ ಆಗಿ ಮುಗೀತಲ್ಲ, ಇನ್ನ ಖರೇ ಡಾಕ್ಟರ್ ಕಡೆ ನಡೀರಿ" ಎಂದು ಗಾಡಿ ತರಿಸಿ ಗೋಕಾಕಕ್ಕೆ ಹೊರಡಿಸಿದೆ.

ಅಲ್ಲಿನ ಸರ್ಜನ್ ಸಮಾಧಾನದ ಮನುಷ್ಯ. ಅತ್ತೆಯ ಬಲಪಕ್ಕೆಲುಬಿನ ಕೆಳಗೆ ಬೆರಳೂರಿ, "ಅವ್ವಾರ, ಜೋರಾಗಿ ಉಸರು ಎಳಕೋರಿ" ಎಂದರು. ಅತ್ತೆಯ ಉಸಿರು ಅರ್ಧಕ್ಕೇ ಗಕ್ಕನೆ ನಿಂತಿತು. ಮರುಗಳಿಗೆಯೇ "ತಗೀ ಕೈ!" ಎಂದು ಡಾಕ್ಟರ ಕೈಗೆ ಪಟ್ಟನೆ ಏಟು ಬಿತ್ತು. ಅವರು ನಕ್ಕರು. ಅವರಿಗೆ ಬೇಕಾದ ಉತ್ತರ ಸಿಕ್ಕಿತ್ತು.

ಸ್ಕ್ಯಾನಿಂಗ್ ಅದನ್ನೇ ಹೇಳಿತು. ಪಿತ್ತಕೋಶದ ತುಂಬ ಕಲ್ಲುಗಳು, ಅದರ ಬಾಯಿಗೇ ಒಂದು ಕಲ್ಲು ಸಿಕ್ಕಿಕೊಂಡು ಚೀಲದ ಗೋಡೆ ಬಾತು ದಪ್ಪವಾಗಿತ್ತು. ರಕ್ತಪರೀಕ್ಷೆಯಲ್ಲಿ ಸೋಂಕು ಕಂಡಿತು. "ಹೊಟ್ಟಿ ತಿಕ್ಕಸೀರೇನು?" ಎಂದು ಡಾಕ್ಟರು ಕೇಳಿದಾಗ ನಾನು ಗಂಡನ ಕಡೆ ನೋಡಿದೆ. ಅವರು ಫ್ಯಾನಿನ ಕಡೆ ನೋಡಿದರು. ಬಾಯಿಗೆ ಏನೂ ಕೊಡುವಂತಿಲ್ಲ, ಸಲೈನು ಮತ್ತು ಆ್ಯಂಟಿಬಯೋಟಿಕ್ ಹಚ್ಚಿ, ಬೆಳಿಗ್ಗೆ ಸಣ್ಣ ತೂತುಗಳ ಮೂಲಕ ಪಿತ್ತಕೋಶವನ್ನೇ ತೆಗೆಯಬೇಕು, ತಡಮಾಡಿದರೆ ಒಳಗೇ ಒಡೆಯಬಹುದು ಎಂದರು.

ಬೆಳಿಗ್ಗೆ ಆಪರೇಷನ್ನಿಗೆ ತಯಾರು ಮಾಡಲು ನರ್ಸ್ ಬಂದಳು. ಅತ್ತೆ ಬಳೆ ಬಿಚ್ಚಿಕೊಟ್ಟರು, ಓಲೆ ಬಿಚ್ಚಿಕೊಟ್ಟರು. ಕೊರಳಿನ ಶಿವದಾರಕ್ಕೆ ಅವಳು ಕೈ ಹಾಕುತ್ತಲೇ ಅತ್ತೆ ಎದ್ದು ಕೂತರು. ಆ ದಾರದಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಅವರ ಇಷ್ಟಲಿಂಗ. ದೀಕ್ಷೆಯಾದಂದಿನಿಂದ ಅದು ಮೈಬಿಟ್ಟು ಸರಿದದ್ದಿಲ್ಲ.

"ಸತ್ತರ ಸಾಯ್ತೇನಿ. ಲಿಂಗ ಬಿಟ್ಟು ಮಾತ್ರ ಸಾಯೂದಿಲ್ಲ."

"ಸಾಯೂ ಮಾತ ಯಾಕ ಆಡ್ತೀರಿ!" ಎಂದು ನಾನು ಚೀರಿದೆ. ಸಿಟ್ಟಿಗಿಂತ ಭಯವೇ ಹೆಚ್ಚಾಗಿತ್ತು. ಅವರ ಹಟ ನನಗೆ ಗೊತ್ತು. ನನ್ನ ಕೊರಳಲ್ಲೂ ಲಿಂಗದ ಕರಡಿಗೆ ಇದ್ದುದರಿಂದ, ಅವರು ಹೇಳುವುದು ಅರ್ಥವಾಗುತ್ತಲೂ ಇತ್ತು.

ಡಾಕ್ಟರು ಬಂದರು. "ಒಳಗ ಕರೆಂಟಿನ ಸಾಮಾನು ಬಳಸ್ತೇವ್ರಿ. ಮೈಮ್ಯಾಲ ಬೆಳ್ಳಿ ಇದ್ರ ಚರ್ಮ ಸುಡಬಹುದು. ಉಸರಿನ ನಳಿಗಿ ಹಾಕಾಕ ಕೊರಳೂ ಖಾಲಿ ಬೇಕು."

ಕೊರಳು ಬೇಡ, ಬೆಳ್ಳಿ ಬೇಡ. ಅವರು ಲಿಂಗ ಬೇಡವೆನ್ನಲಿಲ್ಲವಲ್ಲ ಎಂದು ನನಗೆ ಹೊಳೆಯಿತು. "ಬರೇ ಲಿಂಗ ಅಂಗೈಯಾಗ ಇಟ್ಟು ಪಟ್ಟಿ ಕಟ್ಟಿದ್ರ ನಡೀತೈತೇನ್ರಿ?" ಎಂದು ಕೇಳಿದೆ.

ಡಾಕ್ಟರು ತುಸು ಯೋಚಿಸಿ, "ನಡೀತೈತಿ" ಎಂದರು.

ಅತ್ತೆಯ ಗಲಾಟೆ ಅಲ್ಲಿಗೂ ಮುಗಿಯಲಿಲ್ಲ. ಪೂಜೆಗೆ ಲಿಂಗ ಇಡುವುದು ಎಡ ಅಂಗೈಯಲ್ಲಿ, ಸಲೈನು ಹಚ್ಚಿದ್ದೂ ಎಡಗೈಗೆ. ನರ್ಸ್ ಗೊಣಗುತ್ತಲೇ ಸೂಜಿಯನ್ನು ಬಲಗೈಗೆ ಬದಲಿಸಿದಳು. ಅತ್ತೆ ತಾವೇ ಲಿಂಗ ತೆಗೆದು ಕಣ್ಣಿಗೊತ್ತಿ ಅಂಗೈಯಲ್ಲಿಟ್ಟುಕೊಂಡರು. ನರ್ಸ್ ಅದರ ಮೇಲೆ ಬ್ಯಾಂಡೇಜು ಸುತ್ತಿದಳು. ಖಾಲಿ ಕರಡಿಗೆಗೆ ನನ್ನ ಗಂಡ ಕೈ ಚಾಚಿದರೆ, "ನೀ ಬ್ಯಾಡ, ಎಲ್ಲೆರೆ ಇಟ್ಟ ಮರೀತಿ" ಎಂದು ನನ್ನ ಕೈಗೆ ಹಾಕಿದರು. "ಜ್ವಾಕಿ."

ಬಾಗಿಲು ಮುಚ್ಚಿತು. ಕರಡಿಗೆಯನ್ನು ಕೈಯಲ್ಲಿ ಹಿಡಿದು ಕೂತೆ. ಎಲ್ಲಿ ಬೀಳಿಸುತ್ತೇನೋ ಎಂದು ಕೊರಳಿಗೆ ಹಾಕಿಕೊಂಡೆ. ಅಳು ಬಂತು.

"ಮೊನ್ನಿ ತನಕ ದಿನಾ ಜಗಳಾಡಾಕತ್ತಿದ್ದಿ, ಈಗ ಅಳ್ತಿ?" ಎಂದರು ಗಂಡ.

"ಜಗಳಾಡಾಕರೆ ಅವರು ಬ್ಯಾಡೇನ್ರಿ?" ಎಂದೆ.

ಕೊನೆಗೆ ಡಾಕ್ಟರು ಹೊರಬಂದು, ಎಲ್ಲ ಸುಸೂತ್ರವಾಯಿತೆಂದು ಹೇಳಿ, ಪುಟ್ಟ ಶೀಶೆಯಲ್ಲಿ ಕಲ್ಲುಗಳನ್ನು ತೋರಿಸಿದರು. ನಾದಿನಿಗೆ ಫೋಟೋ ಹೋಯಿತು. "ದೃಷ್ಟಿ ತಗದಿದ್ದಕ್ಕ ಪಾರಾದ್ಲು" ಎಂದು ಅಲ್ಲಿಂದ ಉತ್ತರ ಬಂತು.

ಮಂಪರು ಇಳಿದಾಗ ಅತ್ತೆ ಮೊದಲು ಎಡಗೈ ಮುಷ್ಟಿ ಹಿಸುಕಿ ನೋಡಿಕೊಂಡರು. ಲಿಂಗ ಅಲ್ಲೇ ಇತ್ತು. ಆಮೇಲೆ ಕಣ್ಣು ನನ್ನ ಕೊರಳಿಗೆ ಬಂತು. ಅಲ್ಲಿ ಎರಡು ಕರಡಿಗೆಗಳು.

"ಖಾಲಿ ಡಬ್ಬಿ ಯಾಕ ಹಾಕ್ಕೊಂಡಿ, ಹುಚ್ಚಿ?"

ಹಾಕಿಕೊಂಡೆ, ಅಷ್ಟೆ. ಬಿಚ್ಚಲು ಕೈ ಎತ್ತಿದೆ. ಅತ್ತೆ ಪಟ್ಟಿ ಕಟ್ಟಿದ ಕೈಯಿಂದಲೇ ನನ್ನನ್ನು ತಡೆದರು.

"ಇರ್ಲಿ ಬಿಡು. ನಾ ಏಳೂ ತನಕ ಅಲ್ಲೇ ಇರ್ಲಿ."