ಪೋರ್ಚುಗಲ್ಲಿನ ಸೇಡು

ನೀವು ನಂಬುವುದಿಲ್ಲ, ಬೇಕಾದರೆ ಬರೆದುಕೊಡುತ್ತೇನೆ: ಸಾವಿರದ ಒಂಬೈನೂರ ಅರವತ್ತರ ದಶಕದಲ್ಲಿ ಒಂದಿಡೀ ವರ್ಷ ನನ್ನ ಹೆಸರು ಪೋರ್ಚುಗಲ್ ಆಗಿತ್ತು.

ಹೊಸನಗರದ ಚರ್ಚಾಸ್ಪರ್ಧೆಯಲ್ಲಿ ನಾನು ಪೋರ್ಚುಗಲ್ಲನ್ನು ಗ್ರೀಸಿನ ಪಕ್ಕ ಕೂರಿಸಿದ್ದೆ. ತೀರ್ಥಹಳ್ಳಿಯ ಹುಡುಗನೊಬ್ಬ ಎದ್ದು ಬಂದು, ನನ್ನ ಕೈ ಹಿಡಿದು, ಕರುವನ್ನು ಕೊಟ್ಟಿಗೆಗೆ ಎಳೆದಂತೆ ಭೂಪಟದ ಆ ತುದಿಯಿಂದ ಈ ತುದಿಗೆ ನಡೆಸಿದ. ಮೂರು ತಾಲ್ಲೂಕು ನಕ್ಕಿತು. ಕಿಟಕಿಯಲ್ಲಿ ಎಮ್ಮೆಯೊಂದು ನಕ್ಕಿದ್ದನ್ನು ನಾನೇ ನೋಡಿದ್ದೇನೆ.

ಮರುವರ್ಷ ಸ್ಪರ್ಧೆ ಸಾಗರದಲ್ಲಿ, ನಮ್ಮ ಶಾಲೆಯಲ್ಲೇ. ವಿಷಯ: ಯುರೋಪಿನ ಯಾವ ಭಾಗ ಹೆಚ್ಚು ಮುಂದುವರಿದಿದೆ? ಅವನನ್ನು ಅದೇ ಜನರೆದುರು ನಗೆಪಾಟಲು ಮಾಡದಿದ್ದರೆ, ಮೀಸೆ ಬಂದ ದಿನವೇ ಬೋಳಿಸುತ್ತೇನೆಂದು ಶಪಥ ಮಾಡಿದ್ದೆ.

ಅವನು ಬಸ್ಸಿಳಿದೊಡನೆ ಅಡ್ಡಹಾಕಿದೆ.

"ಹೋಯ್ ಪೋರ್ಚುಗಲ್, ಆರಾಮಾ?" ಎಂದ.

"ಆರಾಮು ಮಾರಾಯ. ನಮ್ಮಪ್ಪ ಕಾರ್ಗಲ್ ಡ್ಯಾಮಿನ ಬಂಗ್ಲೇಲಿ ಫಾರಿನ್ ಎಂಜಿನಿಯರುಗಳ ಜೊತೆ ಇರೋದು. ಯುರೋಪ್ ಪೂರಾ ಸುತ್ತಿ ಬಂದ್ರು. ಪುಸ್ತಕದಲ್ಲಿ ಇಲ್ದಿದ್ದು ಒಂದು ಹೇಳ್ಲಾ?"

ಅವನ ಕಿವಿ ಮೊಲದಷ್ಟು ಉದ್ದವಾಯಿತು.

"ಸ್ವಿಟ್ಜರ್ಲೆಂಡಲ್ಲಿ ಹೆಂಗಸ್ರಿಗೆ ಓಟೇ ಇಲ್ಲ."

ಆ ಕ್ಷಣ ಹುಟ್ಟಿದ ಸುಳ್ಳು. ನಮ್ಮಜ್ಜಿಯೇ ಬೆರಳಿನ ಶಾಯಿಯನ್ನು ವಾರವಿಡೀ ಊರಿಗೆಲ್ಲ ತೋರಿಸಿದವಳು. ಗಡಿಯಾರ ಮಾಡುವ ದೇಶದ ಹೆಂಗಸರಿಗೆ ಓಟಿಲ್ಲವೆಂದರೆ ಯಾರು ನಂಬುತ್ತಾರೆ?

ಅವನು ನಂಬಿದ. ವೇದಿಕೆಯೇರಿ ಗುಡುಗಿದ: "ಉತ್ತರದ ಸ್ವೀಡನ್ನಿನಲ್ಲಿ ಬಡವರ ಆಸ್ಪತ್ರೆಯ ಚಿಂತೆ ಸರ್ಕಾರದ್ದು. ದಕ್ಷಿಣದ ಸ್ಪೇನಿನಲ್ಲಿ ಒಬ್ಬನದೇ ಆಳ್ವಿಕೆ. ನಡುವಿನ ಸ್ವಿಟ್ಜರ್ಲೆಂಡಿನಲ್ಲಿ ಸಿರಿವಂತಿಕೆಯಿದೆ, ಹೆಂಗಸರಿಗೆ ಓಟಿಲ್ಲ!"

ಸಭೆ ಬಿದ್ದು ಬಿದ್ದು ನಕ್ಕಿತು. ನಾನಂತೂ ಬೆಂಚು ಸೀಳುವಷ್ಟು ಗುದ್ದಿ ನಕ್ಕೆ. ತೀರ್ಪುಗಾರ ಮೇಷ್ಟ್ರು ಮಾತ್ರ ನಗಲಿಲ್ಲ.

"ನಗಬೇಡ್ರೋ, ನಿಜ ಅದು. ಅಲ್ಲಿ ದೇಶದ ಚುನಾವಣೇಲಿ ಹೆಂಗಸ್ರಿಗೆ ಇನ್ನೂ ಓಟಿಲ್ಲ. ಭಲೇ! ಯಾರು ಹೇಳಿದ್ದು ನಿಂಗೆ?"

"ಇವ್ನ ಅಪ್ಪ, ಸಾರ್. ಯುರೋಪ್ ಪೂರಾ ಸುತ್ತಿದಾರಂತೆ."

ಅವನ ಬೆರಳು ನನ್ನ ಕಡೆಗಿತ್ತು. ಆಗಲೇ ಬಾಗಿಲಲ್ಲಿ ಅಪ್ಪ! ಬಂಗಲೆಗೆ ತರಕಾರಿ ಒಯ್ಯಲು ಪೇಟೆಗೆ ಬಂದವರು, ಮಗನ ಭಾಷಣ ಕೇಳಲು ಚೀಲದ ಸಮೇತ ಬಂದುಬಿಟ್ಟಿದ್ದರು.

"ನಾನಾ? ನಾನು ಕಾರ್ಗಲ್ ಬಂಗ್ಲೇಲಿ ಅಡುಗೆಯವ ಸ್ವಾಮೀ. ಶಿವಮೊಗ್ಗ ದಾಟಿದವ್ನಲ್ಲ."

ತೀರ್ಥಹಳ್ಳಿಯವನು ಮೂವತ್ತೆರಡು ಹಲ್ಲಿಗೆ ಎಂಟು ಸೇರಿಸಿ ತೋರಿಸಿದ. ಇರಲಿ, ಮುಂದಿನ ಸರದಿ ನನ್ನದು. ಅವನ ಮಾನ ಹರಾಜು ಹಾಕುವ ಮಾತುಗಳು ಜೇಬಿನಲ್ಲೇ ಇದ್ದವು. ಎದ್ದು ನಿಂತೆ.

"ಎದ್ದಿದೀಯಲ್ಲ, ಹಾಗೇ ಬಾ," ಎಂದರು ಅಪ್ಪ. "ಚೀಲ ಹೊತ್ಕೋ."