ಅರ್ಧಕ್ಕೆ ಹೇಳಿದ ಆಮೆನ್

ಇದನ್ನು ಬರೆಯುವುದನ್ನು ಬಹಳ ಕಾಲದಿಂದ ಮುಂದೂಡುತ್ತಾ ಬಂದೆ. ಮೊನ್ನೆ ಸಾಂಟಾ ಕ್ಲಾರಾದ ಇಂಡಿಯನ್ ಅಂಗಡಿಯ ಮೂಲೆಯಲ್ಲಿ ಮಂಗಳೂರು ಬನ್ಸ್ ಕರಿಯುತ್ತಿದ್ದರು. ಕಳಿತ ಬಾಳೆಹಣ್ಣು, ಜೀರಿಗೆ, ಕಾದ ಎಣ್ಣೆ... ಸಾಮಾನಿನ ಗಾಡಿ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ನಮ್ಮ ಕ್ರೈಸ್ತ ಸಭೆಯಲ್ಲಿ ಎಲ್ಲರೂ ಆಂಟಿ ಎನ್ನುತ್ತಿದ್ದವರು ನೆನಪಾದರು.

ಫ್ರೀಮಾಂಟಿನಲ್ಲಿ ಅಮೆರಿಕನ್ನರ ಚರ್ಚಿನ ಹಾಲ್ ಬಾಡಿಗೆಗೆ ಹಿಡಿದು ನಾವು ಕನ್ನಡದಲ್ಲಿ ಆರಾಧನೆ ನಡೆಸುತ್ತಿದ್ದೆವು. ನಾನು ಸಭೆಯ ಹಿರಿಯ, ಅಂದರೆ ಅದನ್ನು ನಡೆಸುವವರಲ್ಲಿ ಒಬ್ಬ. ಶುಕ್ರವಾರ ಸಂಜೆ ಮೊಣಕಾಲೂರಿ, ನಮ್ಮ ಮಕ್ಕಳನ್ನು ಕರೆತಾ ಕರ್ತನೇ, ಸಭೆಗೆ ಹೊಸ ಜೀವ ಕೊಡು ಎಂದು ಬೇಡುತ್ತಿದ್ದೆವು. ಬೇಡುವವರೆಲ್ಲ ನರೆತವರೇ. ಮಕ್ಕಳನ್ನು ನಿಜಕ್ಕೂ ಕರೆತಂದವರು ಆಂಟಿ. ಉಡುಪಿ ಕಡೆಯವರು, ಗಂಡ ತೀರಿಕೊಂಡ ಮೇಲೆ ಮಗಳ ಮನೆಗೆ ಬಂದಿದ್ದರು. ಒಬ್ಬೊಬ್ಬರಿಗೂ ಫೋನು ಮಾಡಿ, ಡಬ್ಬಿ ತುಂಬ ಬನ್ಸ್ ಹೊತ್ತು ತರುತ್ತಿದ್ದರು.

"ಆಂಟಿ, ಇದು ಡೋನಟ್ಟಾ?" ಎಂದು ಹುಡುಗರು ಕೆಣಕಿದರೆ, "ಡೋನಟ್ಟಿಗೆ ಮಧ್ಯೆ ತೂತು ಮಾರಾಯ, ಇದು ಪೂರ್ತಿ ಉಂಟು. ತಿನ್ನು" ಎನ್ನುತ್ತಿದ್ದರು.

ನನ್ನ ಮೊಮ್ಮಗಳೂ ಬರತೊಡಗಿದಳು. ಆಗ ಹೈಸ್ಕೂಲು ಮುಗಿಸುತ್ತಿದ್ದಳು. ಒಂದು ಶುಕ್ರವಾರ ಆಂಟಿ ಅವಳ ಬೆನ್ನು ಸವರಿ, "ಬಾಯಿಗೆ ಬಂದದ್ದು ಹೇಳು, ದೇವರಿಗೆ ಎಲ್ಲಾ ಅರ್ಥ ಆಗ್ತದೆ" ಎಂದರು. ಅವಳು ಮೊದಲ ಬಾರಿಗೆ ಎಲ್ಲರೆದುರು ಪ್ರಾರ್ಥಿಸಿದಳು.

"ಜೀಸಸ್, ನೀನು ಇದ್ದೀಯಾ ಅಂತ ನಂಗೆ ಶೂರ್ ಇಲ್ಲ. ಪ್ರೇ ಮಾಡೋವಾಗ ಯಾರೂ ಕೇಳ್ತಿಲ್ಲ ಅನ್ಸುತ್ತೆ. ಬಟ್..."

ಹಿಂದೆ ಯಾರೋ ಕೆಮ್ಮಿದರು. ಹಿರಿಯನ ಮೊಮ್ಮಗಳೇ ಹೀಗಂದರೆ ಜನ ಏನಂದಾರು ಎಂದು ನನ್ನ ಮುಖ ಬಿಸಿಯಾಯಿತು. ನಮ್ಮಲ್ಲಿ ಪ್ರಾರ್ಥನಾ ಕೂಟ ಮುಗಿಸುವುದು ಹಿರಿಯನ ಆಮೆನ್. ನಾನು ಗಟ್ಟಿಯಾಗಿ "ಆಮೆನ್" ಎಂದೆ. ಅಭ್ಯಾಸಬಲದಿಂದ ಎಲ್ಲರೂ "ಆಮೆನ್" ಎಂದು ಎದ್ದರು. ಅವಳೊಬ್ಬಳು ಕಣ್ಣು ಮುಚ್ಚಿ ಇನ್ನೂ ಮೊಣಕಾಲ ಮೇಲೇ ಇದ್ದಳು...

ಪಾರ್ಕಿಂಗಿನಲ್ಲಿ ಆಂಟಿ ನನ್ನನ್ನು ತಡೆದರು. "ಅವಳದ್ದು ಮುಗಿದಿರ್ಲಿಲ್ಲ ಅಣ್ಣ. ಅವಳು ಹೇಳ್ತಾ ಇದ್ದದ್ದು ದೇವರಿಗೆ. ನಿಮಗೆಂತಕ್ಕೆ ಅವಸರ?"

ಆ ಮಾತು ನನ್ನನ್ನು ಚುಚ್ಚಿತು. ಮುಂದಿನ ಕಮಿಟಿ ಮೀಟಿಂಗಿನಲ್ಲಿ, ಆಂಟಿ ಮಕ್ಕಳಿಗೆ ಅವಿಶ್ವಾಸ ಕಲಿಸುತ್ತಿದ್ದಾರೆ ಎಂದೆ. ಅದು ಸುಳ್ಳೆಂದು ಹೇಳುವಾಗಲೇ ನನಗೆ ಗೊತ್ತಿತ್ತು. ಮಕ್ಕಳನ್ನು ಕೂಟಕ್ಕೆ ಸೇರಿಸುವ ಕೆಲಸವನ್ನು ಕಮಿಟಿ ಅವರ ಕೈಯಿಂದ ತೆಗೆಯಿತು. ಅವರು "ಆಯ್ತು" ಎಂದರು, ಅಷ್ಟೇ. ಆಮೇಲೆ ಹಿಂದಿನ ಸಾಲಿನಲ್ಲಿ ಕೂತು ತುಟಿಯಲ್ಲೇ ಪ್ರಾರ್ಥಿಸುತ್ತಿದ್ದರು. ಕೆಲವರು ಅವರೊಡನೆ ಮಾತು ಬಿಟ್ಟರು. ನಾನು ನೋಡಿಕೊಂಡು ಸುಮ್ಮನಿದ್ದೆ. ನನ್ನ ಮೊಮ್ಮಗಳು ಮತ್ತೆ ಬರಲಿಲ್ಲ. ಉಳಿದ ಮಕ್ಕಳೂ ಒಬ್ಬೊಬ್ಬರಾಗಿ ಬರುವುದನ್ನು ನಿಲ್ಲಿಸಿದರು.

ಕಳೆದ ವರ್ಷ ಆಂಟಿ ತೀರಿಕೊಂಡರು. ಅವರ ಶವಪೆಟ್ಟಿಗೆಯ ಪಕ್ಕ ನಿಂತು ಅವರ ಬಾಳಿನ ಬಗ್ಗೆ ಸಾಕ್ಷಿ ಹೇಳಿದವನು ನಾನೇ. ಪ್ರಾರ್ಥನೆಯ ಹೆಂಗಸು, ಸಭೆಯ ತಾಯಿ ಎಂದೆಲ್ಲ ಹೊಗಳಿದೆ. ಮಾಡಿದ್ದನ್ನು ಮಾತ್ರ ಹೇಳಲಿಲ್ಲ. ಜನ ಅತ್ತರು, ಚೆನ್ನಾಗಿ ಮಾತಾಡಿದಿರಿ ಎಂದು ಕೈಕುಲುಕಿದರು.

ಈಗಲೂ ಶುಕ್ರವಾರ ನಾವು ನಾಲ್ಕಾರು ಮುದುಕರು ಸೇರಿ ಯೌವನಸ್ಥರಿಗಾಗಿ ಬೇಡುತ್ತೇವೆ. ಮೊಣಕಾಲು ಬಗ್ಗುವುದಿಲ್ಲ, ಕುರ್ಚಿಯಲ್ಲೇ ಕೂರುತ್ತೇವೆ. ನನ್ನ ದನಿ ನನಗೇ ಪೊಳ್ಳಾಗಿ ಕೇಳಿಸುತ್ತದೆ.

ಅಂಗಡಿಯಿಂದ ಬಂದ ದಿನ ಮೊಮ್ಮಗಳಿಗೆ ಫೋನು ಮಾಡಿದೆ. ಅವಳೀಗ ಸ್ಯಾನ್ ಫ್ರಾನ್ಸಿಸ್ಕೋದ ಆಸ್ಪತ್ರೆಯೊಂದರಲ್ಲಿ ನರ್ಸು. ಆ ಸಂಜೆಯ ಮಾತೆತ್ತಿ, ತಪ್ಪಾಯಿತು ಮಗಾ ಎಂದೆ.

"ಇಟ್ಸ್ ಓಕೆ, ಅಜ್ಜಾ. ಆಂಟಿ ಪ್ರತೀ ಬರ್ತ್‌ಡೇಗೂ ನಂಗೆ ಕಾಲ್ ಮಾಡೋರು, ಗೊತ್ತಾ? ನಿಮ್ಮ ಮೇಲೆ ಕೋಪ ಇಟ್ಕೋಬೇಡ ಅನ್ನೋರು." ಆಮೇಲೆ ಮೆಲ್ಲಗೆ ಕೇಳಿದಳು, "ಅವ್ರಿಗೆ ಸಾರಿ ಹೇಳಿದ್ರಾ?"

"ಇಲ್ಲ ಮಗಾ" ಎಂದೆ. "ಆಂಟಿಗೆ ಹೇಳಲಿಲ್ಲ."